ಹೌಸ್‌ಕೀಪರ್ ಸೀಲ್

ಮನೆಗೆಲಸಕ್ಕೂ ಈ ಪದಕ್ಕೂ ಸಂಬಂಧವಿಲ್ಲ. ಇದು ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಿಲಿಯಂ ಹೌಸ್‌ಕೀಪರ್ ಅವರ ಹೆಸರು. ತಾಮ್ರವನ್ನೂ ಗಾಜನ್ನೂ ಗಾಳಿ ನುಸುಳದಂತೆ ಬೆಸೆಯುವ ತಮ್ಮ ವಿಧಾನವನ್ನು ಅವರು 1923ರಲ್ಲಿ ಪ್ರಕಟಿಸಿದರು.

ಕೋಲಾರದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರ ಕಪಾಟಿನಲ್ಲಿ ಪ್ರಸಾರ ಕೇಂದ್ರದ ಹಳೆಯ ವಾಲ್ವ್ ಒಂದನ್ನು ನೋಡಿದ್ದೆ. ವಾಲ್ವ್ ಎಂದರೆ ಒಳಗಿನ ಗಾಳಿ ತೆಗೆದು ಮುಚ್ಚಿದ, ವಿದ್ಯುತ್ ಸಂಕೇತವನ್ನು ಬಲಪಡಿಸುವ ಕೊಳವೆ. ಮೇಲೆ ಗಾಜು, ಕೆಳಗೆ ಮೊಳದುದ್ದದ ತಾಮ್ರದ ಕೊಳವೆ. ಎರಡೂ ಕೂಡುವಲ್ಲಿ ಕೆಂಪು ಛಾಯೆಯ ಒಂದು ಬಳೆ. ಆ ಬಳೆಯೇ ಈ ಸೀಲ್.

ಮನೆಯ ರೇಡಿಯೊದ ವಾಲ್ವಿನಲ್ಲಿ ಆನೋಡ್, ಅಂದರೆ ಎಲೆಕ್ಟ್ರಾನ್‌ಗಳು ಬಂದು ಬಡಿದು ಕಾಯುವ ಲೋಹದ ಭಾಗ, ಗಾಜಿನೊಳಗೇ ಇರುತ್ತದೆ. ಹತ್ತಾರು ಕಿಲೋವ್ಯಾಟ್ ಹೊರುವ ವಾಲ್ವಿನಲ್ಲಿ ಹಾಗಿಟ್ಟರೆ ಅದರ ಬಿಸಿಗೆ ಹೊರದಾರಿ ಸಾಲದು. ಆದ್ದರಿಂದ ಆನೋಡನ್ನೇ ಹೊರಗೋಡೆಯಾಗಿ ಮಾಡಿ, ಸುತ್ತ ನೀರು ಹರಿಸಿದರು. ಆದರೆ ಆನೋಡಿಗೆ ಸಾವಿರಾರು ವೋಲ್ಟ್ ಇರುತ್ತದೆ. ಎಲೆಕ್ಟ್ರಾನ್‌ಗಳನ್ನು ಹೊರಸೂಸುವ ಫಿಲಮೆಂಟ್ ಮತ್ತು ಅವುಗಳ ಹರಿವನ್ನು ಹಿಡಿತದಲ್ಲಿಡುವ ಗ್ರಿಡ್‌ಗಳಿಂದ ಆನೋಡನ್ನು ಬೇರ್ಪಡಿಸಲು ಗಾಜು ಬೇಕೇ ಬೇಕು.

ತೊಡಕು ಇರುವುದು ಇಲ್ಲಿ. ಉರಿಯುವ ಲಾಟೀನಿನ ಗಾಜಿಗೆ ನೀರ ಹನಿ ಸಿಡಿದರೆ ಚಟ್ಟನೆ ಸೀಳುವುದನ್ನು ನಮ್ಮಲ್ಲಿ ನೋಡದವರು ಕಡಿಮೆ. ಒಂದು ಭಾಗ ಕುಗ್ಗುವಾಗ ಪಕ್ಕದ ಭಾಗ ಕುಗ್ಗದಿದ್ದರೆ ಗಾಜು ತಾಳದು. ಒಂದು ಡಿಗ್ರಿ ಬಿಸಿಗೆ ತಾಮ್ರ ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು 17 ಪಾಲು ಹಿಗ್ಗುತ್ತದೆ. ಬಿಸಿ ತಾಳುವ ಬೋರೋಸಿಲಿಕೇಟ್ ಗಾಜು ಮೂರು ನಾಲ್ಕು ಪಾಲಷ್ಟೇ. ಕೆಂಪಗೆ ಕಾಯಿಸಿ ಬೆಸೆದ ಜೋಡಣೆ ತಣಿಯುವಾಗ ಬಿರುಕು ಬಿಡದೆ ಇರುವುದು ಹೇಗೆ?

ಹೌಸ್‌ಕೀಪರ್ ಈ ವ್ಯತ್ಯಾಸವನ್ನು ಅಳಿಸಲು ಹೋಗಲಿಲ್ಲ. ತಾಮ್ರದ ಅಂಚನ್ನು ಕಾಗದಕ್ಕಿಂತ ತೆಳ್ಳಗೆ ತುರಿದರು. ಅಷ್ಟು ತೆಳುವಾದ ಮೆದು ತಾಮ್ರಕ್ಕೆ ಗಾಜನ್ನು ಎಳೆದು ಒಡೆಯುವ ಬಲವಿರುವುದಿಲ್ಲ, ಅದೇ ಮಣಿಯುತ್ತದೆ. ಬೆಸೆಯುವಾಗ ತಾಮ್ರದ ಮೇಲೆ ಮೂಡುವ ಆಕ್ಸೈಡ್ ಪದರವೇ ಗಾಜಿಗೆ ಅಂಟಾಗುತ್ತದೆ. ಬಳೆಗೆ ಕೆಂಪು ಬಂದದ್ದು ಅದರಿಂದಲೇ. ನನಗೆ ಇಡೀ ವಾಲ್ವಿನಲ್ಲಿ ಇದಕ್ಕಿಂತ ಸುಂದರವಾದ ಕೆಲಸ ಕಾಣುವುದಿಲ್ಲ.

ತಂಪಿಗೆ ಹರಿಸುವ ನೀರೂ ಶುದ್ಧವಾಗಿರಬೇಕು. ನಮ್ಮ ಕೊಳವೆಬಾವಿಯ ಗಡಸು ನೀರಾದರೆ ಅದರ ಲವಣಗಳ ಮೂಲಕ ವಿದ್ಯುತ್ ಸೋರುತ್ತದೆ, ತಾಮ್ರದ ಮೇಲೆ ಸುಣ್ಣದ ಪದರವೂ ಕಟ್ಟುತ್ತದೆ.

ಮುಂದೆ ಗಾಜಿನಷ್ಟೇ ಹಿಗ್ಗುವ ಕೋವಾರ್ ಎಂಬ ಮಿಶ್ರಲೋಹ ಬಂತು, ಆಮೇಲೆ ಗಾಜಿನ ಬದಲು ಸೆರಾಮಿಕ್. ತಾಮ್ರದ ಬುಡದ ಹಳೆಯ ವಾಲ್ವ್ ಎಲ್ಲಾದರೂ ಸಿಕ್ಕರೆ, ಕೆಳಗಿನ ತಾಮ್ರ ಹಿಡಿದೇ ಎತ್ತಿ. ಆ ಕೆಂಪು ಬಳೆಯನ್ನು ಬೆರಳಿನಿಂದ ಒತ್ತಬೇಡಿ.