ಹಗಲು ಹಾರುವ ನೀಲಿ ಪತಂಗ ಮತ್ತು ಅಂಡಮುರಿ ಮರ

ಪಶ್ಚಿಮಘಟ್ಟದ ಹಳ್ಳದ ದಂಡೆಯಲ್ಲಿ ಹಗಲು ಹೊತ್ತಿನಲ್ಲೇ ಹಾರಾಡುವ, ನೀಲಿ-ನೇರಳೆ ರೆಕ್ಕೆಯ ಮೇಲೆ ಕಪ್ಪು ಮಚ್ಚೆಗಳಿರುವ ಡಿಸ್ಫೇನಿಯಾ ಪರ್ಕೋಟಾ ಎಂಬ ಪತಂಗವನ್ನು ಹೆಚ್ಚಿನವರು ಚಿಟ್ಟೆಯೆಂದೇ ತಿಳಿಯುತ್ತಾರೆ. ಮೀಸೆ ನೋಡಿ: ಚಿಟ್ಟೆಯ ಮೀಸೆಯ ತುದಿ ಗುಂಡಗೆ ದಪ್ಪಗಿರುತ್ತದೆ, ಇದರದ್ದು ಹಾಗಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೂ ಬ್ಲೂ ಟೈಗರ್ ಎಂಬ ಹೆಸರಿದೆ. ಅದೇ ಹೆಸರಿನ ಚಿಟ್ಟೆ ಬೇರೆಯೇ.

ಪತಂಗ ಹುಡುಕುವುದಕ್ಕಿಂತ ಮರ ಹುಡುಕುವುದು ಸುಲಭ. ಮರಿಹುಳುವಿನ ಮುಖ್ಯ ಆಹಾರ ಅಂಡಮುರಿ, ಅಂದರೆ ಕರಾಲಿಯಾ ಬ್ರಾಕಿಯೇಟಾ. ಅಂಡಿಪುನಾರು ಎಂದೂ ಕರೆಯುತ್ತಾರೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕುಟುಂಬದ್ದಾದರೂ ಉಪ್ಪುನೀರು ಬೇಡದೆ ಒಳನಾಡಿನಲ್ಲಿ ಬೆಳೆಯುವ ಮರ ಇದು. ಜೌಗಿನಲ್ಲಿ ಕೆಲವೊಮ್ಮೆ ಆಸರೆ ಬೇರು ಬಿಡುತ್ತದೆ. ಎಲೆ ಎದುರುಬದುರು, ಹೊಳಪು, ದಪ್ಪ. ಹಾಗಾಗಿ ನೇರಳೆ ಜಾತಿಯ ಗಿಡಗಳೆಂದು ಮೋಸಹೋಗುವುದು ಸಹಜ. ರೆಂಬೆಯ ತುದಿಯನ್ನು ಹತ್ತಿರದಿಂದ ನೋಡಿದರೆ ಸಂಶಯ ಉಳಿಯುವುದಿಲ್ಲ: ಎಳೆಯ ಎಲೆಗಳನ್ನು ಸುತ್ತಿಕೊಂಡ ಚೂಪಾದ ಪೊರೆ ಅಲ್ಲಿರುತ್ತದೆ, ಅದು ಉದುರಿದ ಗೆಣ್ಣಿನಲ್ಲಿ ಉಂಗುರದಂಥ ಗುರುತು ಉಳಿಯುತ್ತದೆ. ನೇರಳೆಗೆ ಈ ಪೊರೆಯಿಲ್ಲ. ಅಂಡಮುರಿ ಎಲೆಯ ಅಡಿಭಾಗದಲ್ಲಿ ಸಣ್ಣ ಕಪ್ಪು ಚುಕ್ಕೆಗಳೂ ಕಾಣುತ್ತವೆ.

ಹುಳುವಿಗೆ ನಡುಮೈಯಲ್ಲಿ ಕಾಲಿಲ್ಲ. ಮುಂಗಾಲೂರಿ ಹಿಂಭಾಗವನ್ನು ಎಳೆದುಕೊಳ್ಳುತ್ತದೆ, ಬೆನ್ನು ಕಮಾನಾಗುತ್ತದೆ, ಮತ್ತೆ ಮೈಚಾಚಿ ಗೇಣು ಹಾಕಿದಂತೆ ಸಾಗುತ್ತದೆ. ಮುಟ್ಟಿದರೆ ಹಿಂಗಾಲಲ್ಲಿ ರೆಂಬೆ ಹಿಡಿದು, ಮೈ ಓರೆಯಾಗಿ ಚಾಚಿ ಅಲ್ಲಾಡದೆ ನಿಂತುಬಿಡುತ್ತದೆ.

ಸಾಕಿ ನೋಡುವವರು ಬೇರೆ ಸೊಪ್ಪು ಕೊಟ್ಟು ಪ್ರಯೋಗ ಮಾಡಬಾರದು, ಹುಳು ಹಸಿದೇ ಸಾಯಬಹುದು. ಅಂಡಮುರಿ ರೆಂಬೆಯನ್ನು ನೀರಿನ ಸೀಸೆಯಲ್ಲಿಟ್ಟು ಬಾಯಿಗೆ ಹತ್ತಿ ತುರುಕಿ, ಇಲ್ಲದಿದ್ದರೆ ಹುಳು ಇಳಿದು ಮುಳುಗುತ್ತದೆ. ಸುತ್ತ ಬಲೆ ಕಟ್ಟಿ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ಹನಿಗಟ್ಟಿ ಬೂಷ್ಟು ಬರುತ್ತದೆ, ಮಳೆಗಾಲದಲ್ಲಂತೂ ಹೆಚ್ಚಿನ ಸಾವು ಇದರಿಂದಲೇ. ಹಿಕ್ಕೆಯನ್ನು ದಿನಾ ತೆಗೆಯಿರಿ. ಪೊರೆ ಬಿಡಲು ಕೂತ ಹುಳುವನ್ನು ಕೀಳಬೇಡಿ, ಕಾಲು ಹರಿಯುತ್ತದೆ. ಅದು ಕೂತ ಎಲೆಯನ್ನೇ ಕತ್ತರಿಸಿ ಹೊಸ ರೆಂಬೆಗಿಡಿ. ಕೋಶವಾಗುವಾಗ ಎಲೆಗಳನ್ನು ನೂಲಿನಿಂದ ಸೇರಿಸಿ ಒಳಗೆ ಅಡಗುವುದರಿಂದ, ಮಡಚಿದ ಒಣ ಎಲೆಯನ್ನು ಬಿಚ್ಚಿ ನೋಡದೆ ಎಸೆಯಬೇಡಿ.

ಹುಳು ಹೆಚ್ಚಾದ ವರ್ಷ ಮರ ಪೂರ್ತಿ ಬೋಳಾಗುವುದುಂಟು. ಗಾಬರಿಯಿಂದ ಔಷಧಿ ಹೊಡೆದರೆ ಹುಳುವನ್ನು ಹದ್ದುಬಸ್ತಿನಲ್ಲಿಡುವ ಪರಾವಲಂಬಿ ಕಣಜಗಳೂ ಸಾಯುತ್ತವೆ. ಬೇರು ಗಟ್ಟಿಯಿರುವ ಅಂಡಮುರಿ ಮತ್ತೆ ಚಿಗುರುತ್ತದೆ. ಹಳ್ಳದ ದಂಡೆಯ ಮರವನ್ನೇ ಕಡಿದರೆ ಮಾತ್ರ ಮುಂದಿನ ಮೊಟ್ಟೆಗೆ ಅಲ್ಲಿ ಜಾಗವಿಲ್ಲ.