ಅಪಘಾತ ವರದಿಯಲ್ಲಿ ‘ನಿರ್ಲಕ್ಷ್ಯ’ ಎಂಬ ಪದ

ಕಾರ್ಖಾನೆಯ ಅಪಘಾತ ವರದಿಯ ‘ಕಾರಣ’ ಕಲಮಿನಲ್ಲಿ ಮತ್ತೆ ಮತ್ತೆ ಕಾಣುವ ಪದ ‘ನಿರ್ಲಕ್ಷ್ಯ’. ಲಕ್ಷ್ಯ ಕೊಡದಿರುವುದು ಎಂಬುದು ಅದರ ನೇರ ಅರ್ಥ. ಆದರೆ ಗಾಯಗೊಂಡವರ ಲಕ್ಷ್ಯ ಆ ಗಳಿಗೆಯಲ್ಲಿ ಎಲ್ಲಿತ್ತು ಎಂಬುದನ್ನು ವರದಿ ಬರೆಯುವವರು ಕಂಡಿರುವುದಿಲ್ಲ. ಪೆಟ್ಟಾದದ್ದನ್ನು ನೋಡಿ ಊಹಿಸಿರುತ್ತಾರೆ. ಹಾಗಾಗಿ ವರದಿಯಲ್ಲಿ ಅದು ವಿವರವಲ್ಲ, ತೀರ್ಪು.

‘ಆಪರೇಟರ್ ನಿರ್ಲಕ್ಷ್ಯದಿಂದ ಓಡುವ ಕನ್ವೇಯರ್ ಬೆಲ್ಟ್‌ಗೆ ಕೈ ಹಾಕಿದರು’ ಎಂದು ಬರೆದರೆ ಮುಂದೇನಾಗುತ್ತದೆ? ಮೆಮೊ, ಮರುತರಬೇತಿ, ಗೋಡೆಗೊಂದು ಎಚ್ಚರಿಕೆಯ ಬೋರ್ಡು. ಅದೇ ಘಟನೆಯನ್ನು ಹೀಗೆ ಬರೆಯಿರಿ: ‘ರೋಲರ್ ಬಳಿ ಸಿಕ್ಕಿಕೊಂಡ ರಟ್ಟಿನ ಪೆಟ್ಟಿಗೆಯನ್ನು ಆಪರೇಟರ್ ಕೈಯಿಂದ ಎಳೆಯುತ್ತಿದ್ದರು. ಬೆಲ್ಟ್ ಓಡುತ್ತಿತ್ತು. ರೋಲರ್‌ಗೆ ಕೈ ತಾಗದಂತೆ ತಡೆಯುವ ಗಾರ್ಡ್ ಇರಲಿಲ್ಲ. ನಿಲ್ಲಿಸುವ ಸ್ವಿಚ್ 4 ಮೀಟರ್ ದೂರದಲ್ಲಿತ್ತು. ಆ ಪಾಳಿಯಲ್ಲಿ ಪೆಟ್ಟಿಗೆ ಸಿಕ್ಕಿಕೊಂಡದ್ದು ಅದು 6ನೇ ಸಲ.’ ಇದನ್ನು ಓದಿದವರು ಗಾರ್ಡ್ ಹಾಕಿಸುತ್ತಾರೆ, ಬೆಲ್ಟಿನುದ್ದಕ್ಕೂ ತುರ್ತು ನಿಲುಗಡೆಯ ಹಗ್ಗ ಕಟ್ಟಿಸುತ್ತಾರೆ, ಪೆಟ್ಟಿಗೆ ಏಕೆ ಸಿಕ್ಕಿಕೊಳ್ಳುತ್ತದೆ ಎಂದು ಹುಡುಕುತ್ತಾರೆ. ಅಪಾಯವನ್ನೇ ತೆಗೆದುಹಾಕುವುದು, ಬದಲಿ ತರುವುದು, ಯಂತ್ರದಲ್ಲೇ ತಡೆ ಕೂರಿಸುವುದು, ಆಮೇಲೆ ನಿಯಮ-ತರಬೇತಿ, ಕೊನೆಗೆ ಕೈಗವಸು-ಹೆಲ್ಮೆಟ್: ಸುರಕ್ಷತಾ ಕ್ರಮಗಳ ಬಲದ ಶ್ರೇಣಿ ಇದು. ‘ನಿರ್ಲಕ್ಷ್ಯ’ ಎಂಬ ಒಂದು ಪದ ಮೊದಲ ಮೂರನ್ನೂ ದಾಟಿಸಿ ನಮ್ಮನ್ನು 4ನೆಯದರ ಮುಂದೆ ನಿಲ್ಲಿಸುತ್ತದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಬಿ-17 ಬಾಂಬರ್ ವಿಮಾನಗಳ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲ್ಯಾಪ್ ಬದಲು ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ‘ಪೈಲಟ್ ತಪ್ಪು’ ಎಂದು ಷರಾ ಬೀಳುತ್ತಿತ್ತು. ಮನಃಶಾಸ್ತ್ರಜ್ಞ ಆಲ್ಫಾನ್ಸ್ ಚಪಾನಿಸ್ ಕಾಕ್‌ಪಿಟ್ ನೋಡಿದಾಗ ಎರಡರ ಸ್ವಿಚ್ಚುಗಳೂ ಅಕ್ಕಪಕ್ಕದಲ್ಲಿದ್ದವು, ನೋಡಲೂ ಮುಟ್ಟಲೂ ಒಂದೇ ತರಹ. ಅವರು ಸೂಚಿಸಿದ ಪರಿಹಾರ ಒಂದಕ್ಕೆ ಪುಟ್ಟ ಚಕ್ರದಂಥ ಹಿಡಿ, ಇನ್ನೊಂದಕ್ಕೆ ಬೆಣೆಯಂಥದ್ದು.

ಹಾಗೆಂದು ಕರ್ತೃವನ್ನೇ ಅಳಿಸಿಬಿಡುವುದೂ ತಪ್ಪು. ‘ಗಾರ್ಡ್ ತೆಗೆಯಲಾಗಿತ್ತು’ ಎಂಬಲ್ಲಿನ ‘-ಲಾಗಿತ್ತು’ ನಿರ್ಧಾರ ತೆಗೆದುಕೊಂಡವರನ್ನು ಮರೆಮಾಡುತ್ತದೆ. ಯಾವ ಹುದ್ದೆಯವರು ತೆಗೆಸಿದರು, ಯಾವಾಗ, ಮರಳಿ ಏಕೆ ಕೂರಿಸಲಿಲ್ಲ, ಇಷ್ಟೂ ಬೇಕು. ‘ಮಾಡಬೇಕಿತ್ತು’ ಕೂಡ ಅಷ್ಟೇ: ಆಗದೇ ಹೋದದ್ದನ್ನು ಹೇಳುತ್ತದೆ, ಆದದ್ದನ್ನಲ್ಲ.

ಬರೆದ ಪ್ರತಿ ಪದಕ್ಕೂ ಒಂದು ಪರೀಕ್ಷೆ ಇಡಿ: ಇದು ಕ್ಯಾಮೆರಾಕ್ಕೆ ಕಾಣುತ್ತಿತ್ತೇ, ಅಥವಾ ಅಳತೆಗೆ ಸಿಗುತ್ತದೆಯೇ? ‘ಅವಸರ’ ಎರಡಕ್ಕೂ ಸಿಗದು; ಗಂಟೆಗೆ ಎಷ್ಟು ಪೆಟ್ಟಿಗೆಯ ಗುರಿ ಇತ್ತು ಎಂಬುದು ಸಿಗುತ್ತದೆ. ಬೇರೆ ಪಾಳಿಯವರೂ ಪೆಟ್ಟಿಗೆಯನ್ನು ಹೀಗೆಯೇ ಎಳೆಯುತ್ತಾರೆಯೇ ಎಂದೂ ಕೇಳಿ. ಹೌದಾದರೆ ಅದು ಒಬ್ಬರ ನಿರ್ಲಕ್ಷ್ಯವಲ್ಲ, ಅಲ್ಲಿ ಕೆಲಸ ಸಾಗುತ್ತಿರುವ ರೀತಿಯೇ ಅದು. ವರದಿಯ ಫಾರಂನಲ್ಲೇ ‘ನಿರ್ಲಕ್ಷ್ಯ’ ಎಂದು ಟಿಕ್ ಹಾಕುವ ಚೌಕವಿದ್ದರೆ, ಮೊದಲು ಅದನ್ನು ತೆಗೆಸಿ.