ಮಗು ಊರಲ್ಲೇ ಇಲ್ಲ, ಆ ತಿಂಗಳ ಫೀಸೂ ಕೊಡ್ಬೇಕಾ?

ಈ ಪ್ರಶ್ನೆ ವರ್ಷಕ್ಕೆ ಮೂರು ಸಲ ಗ್ಯಾರಂಟಿ ಬರ್ತದೆ. ಗಲ್ಫಲ್ಲಿರುವ ಅಪ್ಪ ವಿಸಿಟ್ ವೀಸಾ ಕಳಿಸಿದಾಗ ಒಂದು ಸಲ, ದಸರಾ ರಜೆಗೆ ಮೊದಲೇ ಮುಂಬೈ ಟಿಕೆಟ್ ಆದಾಗ ಒಂದು ಸಲ, ಮತ್ತೆ ತರವಾಡು ಮನೆಯಲ್ಲಿ, ಅಂದ್ರೆ ಕುಟುಂಬದ ಮೂಲ ಮನೆಯಲ್ಲಿ, ದೈವದ ಕೋಲವೋ ನಾಗಮಂಡಲವೋ ಉಂಟು ಅಂದ್ರೆ ಇನ್ನೊಂದು ಸಲ. "ಟೀಚರೇ, ಮಗು ಎರಡು ತಿಂಗಳು ಬರುದಿಲ್ಲ, ಫೀಸ್ ಎಂತ ಮಾಡುದು?" ಮಂಗಳೂರಿನ ಬಿಜೈಯಲ್ಲಿ ಪ್ಲೇ ಸ್ಕೂಲ್ ನಡೆಸ್ಲಿಕ್ಕೆ ಶುರು ಮಾಡಿ 16 ವರ್ಷ ಆಯ್ತು, ಇದಕ್ಕೆ ಉತ್ತರ ಹೇಳ್ಲಿಕ್ಕೆ ಶುರು ಮಾಡಿಯೂ ಅಷ್ಟೇ ವರ್ಷ ಆಯ್ತು. ಒಬ್ಬೊಬ್ಬರಿಗೇ ವಾಯ್ಸ್ ಮೆಸೇಜ್ ಕಳಿಸಿ ಸಾಕಾಗಿದೆ, ಒಮ್ಮೆ ಸರಿಯಾಗಿ ಬರೆದೇ ಬಿಡ್ತೇನೆ.

ಕೊಡ್ಬೇಕು. ಮಗು ವಾಪಸ್ ಬರ್ತದೆ, ಅದರ ಸೀಟ್ ಬೇರೆಯವರಿಗೆ ಕೊಡ್ಬೇಡಿ ಅಂತ ನೀವು ಹೇಳ್ತೀರಿ ಅಂತಾದ್ರೆ ಆ ತಿಂಗಳ ಫೀಸ್ ಕೊಡ್ಬೇಕು. ವ್ಯಾನ್, ಮಧ್ಯಾಹ್ನದ ಊಟ ಬೇರೆ ಲೆಕ್ಕದಲ್ಲಿದ್ರೆ ಅದನ್ನು ಬಿಡಿಸ್ಲಿಕ್ಕೆ ಕೇಳಿ, ಅದು ನ್ಯಾಯ. ದಿನಕ್ಕಿಷ್ಟು ಅಂತ ತಗೊಳ್ಳುವ ಡೇ ಕೇರಿಗೆ ಈ ಮಾತು ಬರುದೇ ಇಲ್ಲ. ಬಾಕಿ ಎಲ್ಲ ನೀವು ಅಡ್ಮಿಷನ್ ದಿನ ಸೈನ್ ಹಾಕಿದ ಫಾರ್ಮಲ್ಲಿ ಉಂಟು, ಅದರ ಹಿಂದಿನ ಪುಟ ಯಾರೂ ಓದುದಿಲ್ಲ, ದಯವಿಟ್ಟು ಓದಿ.

ಇಷ್ಟು ಹೇಳಿದ ಕೂಡ್ಲೇ ಒಬ್ಬರಲ್ಲ ಒಬ್ಬರು ಹೇಳುದು, "ಮಗು ಬಾರದ ದಿನಕ್ಕೆ ಫೀಸ್ ತಗೊಳ್ಳುವ ಹಾಗಿಲ್ಲ ಅಂತ ಕೋರ್ಟ್ ಆರ್ಡರೇ ಉಂಟಲ್ಲ ಟೀಚರ್." ಇದು ಕೊರೋನಾ ಟೈಮಿಂದ ವಾಟ್ಸಾಪಲ್ಲಿ ಸುತ್ತುವ ಮಾತು, ಎಷ್ಟು ಸಲ ಹೇಳಿದ್ರೂ ಸಾಯುದಿಲ್ಲ. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳ್ತೇನೆ, ಬೇಸರ ಮಾಡ್ಬೇಡಿ.

ಆ ಆರ್ಡರ್ ಯಾವುದು ಅಂದ್ರೆ ಸುಪ್ರೀಂ ಕೋರ್ಟ್ 2021ರ ಮೇ 3ಕ್ಕೆ ಕೊಟ್ಟ ತೀರ್ಪು. ರಾಜಸ್ಥಾನದ ಖಾಸಗಿ ಶಾಲೆಗಳ ಕೇಸು ಅದು, 2020-21ರ ಆ ಒಂದು ಶಾಲಾ ವರ್ಷದ್ದು. ಲಾಕ್‌ಡೌನಲ್ಲಿ ಶಾಲೆಯ ಬಾಗಿಲೇ ಮುಚ್ಚಿತ್ತು, ಹಾಗಾಗಿ ಡೀಸೆಲ್, ಕರೆಂಟ್, ನೀರು, ಸ್ಟೇಷನರಿ, ಮೇಂಟೆನೆನ್ಸ್ ಅಂತ ಶಾಲೆಗೆ ಸ್ವಲ್ಪ ಉಳಿದಿರ್ತದೆ, ಆ ಉಳಿತಾಯವನ್ನು 15 ಪರ್ಸೆಂಟ್ ಅಂತ ಹಿಡಿದು ಅಷ್ಟು ಫೀಸ್ ಕಡಿಮೆ ಮಾಡಿ, ಬಾಕಿಯದ್ದನ್ನು ಆರು ಕಂತಲ್ಲಿ ತಗೊಳ್ಳಿ ಅಂತ ಕೋರ್ಟ್ ಹೇಳಿದ್ದು. ನಮ್ಮ ರಾಜ್ಯ ಸರ್ಕಾರ ಅದಕ್ಕಿಂತ ಮೊದಲೇ 2021ರ ಜನವರಿಯಲ್ಲಿ ಬೋಧನಾ ಶುಲ್ಕದ 70 ಪರ್ಸೆಂಟ್ ಮಾತ್ರ ತಗೊಳ್ಬೇಕು ಅಂತ ಆದೇಶ ಮಾಡಿತ್ತು, ಅದು ಹೈಕೋರ್ಟಿಗೆ ಹೋಗಿ ಅದೇ ವರ್ಷ ಸೆಪ್ಟೆಂಬರಲ್ಲಿ ಇಲ್ಲಿಗೂ 15 ಪರ್ಸೆಂಟ್ ಕಡಿತ ಅಂತಲೇ ಆಯ್ತು.

ಈಗ ನೀವೇ ನೋಡಿ. ವರ್ಷದ ಹೆಚ್ಚಿನ ದಿನ ಮಕ್ಕಳು ಬಾಗಿಲು ದಾಟಿ ಒಳಗೆ ಬಾರದ ಕಾಲಕ್ಕೂ ಕೋರ್ಟ್ 85 ಪರ್ಸೆಂಟ್ ಕೊಡಿ ಅಂತ ಹೇಳಿದ್ದು. ಶಾಲೆ ಮುಚ್ಚಿದ್ದಕ್ಕೆ ಕಡಿತ, ಮಗು ಬಾರದ್ದಕ್ಕೆ ಅಲ್ಲ. ನಿಮ್ಮ ಮಗು ದುಬೈಯಲ್ಲಿ ಇರುವಾಗ ನಮ್ಮ ಬಾಗಿಲು ತೆರೆದೇ ಇರ್ತದೆ, ಫ್ಯಾನ್ ತಿರುಗ್ತಾ ಇರ್ತದೆ, ಟೀಚರ್ ಎಂಟೂವರೆಗೆ ಬಂದು ಚಾಪೆ ಹಾಸಿರ್ತಾರೆ. ಆ ತೀರ್ಪನ್ನು ಫಾರ್ವರ್ಡ್ ಮಾಡುವವರು ಒಂದು ಸಲ ಪೂರ್ತಿ ಓದಿದ್ರೆ ನಮ್ಮ ಪರವಾಗಿಯೇ ಉಂಟು ಅಂತ ಗೊತ್ತಾಗ್ತದೆ.

ಆಗ ಅವ್ರು ಹೇಳುದು, "ಆದ್ರೂ ನಮ್ಮ ಮಗುವಿನ ಖರ್ಚು ನಿಮಗೆ ಉಳೀತಲ್ಲ." ಎಷ್ಟು ಉಳೀತದೆ ಅಂತ ಲೆಕ್ಕ ಹಾಕುವ. ಇದು ನನ್ನ ಪುಸ್ತಕದ ಲೆಕ್ಕ ಅಲ್ಲ, ಉದಾಹರಣೆಗೆ ಹೇಳುದು. 20 ಮಕ್ಕಳು, ತಿಂಗಳಿಗೆ 3,500, ಒಟ್ಟು 70,000. ಇಬ್ಬರು ಟೀಚರಿಗೆ 16,000ದ ಹಾಗೆ 32,000, ಆಯಾನಿಗೆ 13,000, ಬಿಲ್ಡಿಂಗ್ ಬಾಡಿಗೆ 15,000. ಅಲ್ಲಿಗೆ 60,000 ಹೋಯ್ತು. ಉಳಿದ ಹತ್ತು ಸಾವಿರದಲ್ಲಿ ಮಕ್ಕಳ ತಿಂಡಿ, ಕರೆಂಟ್, ಗ್ಯಾಸ್, ಬಣ್ಣ, ಮುರಿದ ಜಾರುಬಂಡಿಯ ವೆಲ್ಡಿಂಗ್ ಎಲ್ಲ ಆಗ್ಬೇಕು. ಒಂದು ಮಗು ಬಾರದಿದ್ರೆ ಉಳಿಯುದು ತಿಂಡಿದು ಮಾತ್ರ, ದಿನಕ್ಕೆ 15 ರೂಪಾಯಿ ಹಿಡಿದ್ರೆ 22 ದಿನಕ್ಕೆ 330. ಐದು ಮಕ್ಕಳು ಒಂದೇ ತಿಂಗಳು ಫೀಸ್ ನಿಲ್ಲಿಸಿದ್ರೆ 17,500 ಬರುದಿಲ್ಲ, ಉಳಿಯುದು 1,650. ವ್ಯತ್ಯಾಸ ಎಷ್ಟು? 15,850. ಅಂದ್ರೆ ಹೆಚ್ಚುಕಮ್ಮಿ ಒಬ್ಬ ಟೀಚರ್‌ನ ಸಂಬಳವೇ ಹೋಯ್ತು.

ಆ 330 ಕೂಡ ಕಾಗದದಲ್ಲಿ ಮಾತ್ರ. ನಮ್ಮಲ್ಲಿ ಹತ್ತೂವರೆಗೆ ಕುಚ್ಚಲಕ್ಕಿ ಗಂಜಿ. ನಮ್ಮ ಆಯಾ ಅಕ್ಕಿ ಅಳೆಯುದು ಕುಡ್ತೆಯಲ್ಲಿ, ಇಪ್ಪತ್ತು ಮಕ್ಕಳಿದ್ರೂ ನಾಲ್ಕು ಕುಡ್ತೆ, ಹತ್ತೊಂಬತ್ತು ಇದ್ರೂ ಅದೇ ನಾಲ್ಕು ಕುಡ್ತೆ. ಇಂದು ಒಂದು ಮಗು ಇಲ್ಲ ಅಂತ ಅವ್ರು ಒಂದು ಮುಷ್ಟಿ ಅಕ್ಕಿ ಡಬ್ಬಿಗೆ ವಾಪಸ್ ಹಾಕಿದ್ದನ್ನು ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ.

ಅಂಗನವಾಡಿಯಲ್ಲಿ ಈ ಜಗಳ ಇಲ್ಲ, ಯಾಕೆ ಅಂತ ಯೋಚಿಸಿದ್ದೀರಾ? 1975ರ ಅಕ್ಟೋಬರ್ 2ಕ್ಕೆ ಆ ಯೋಜನೆ ಶುರುವಾದಾಗಿಂದ ಅಲ್ಲಿ ಫೀಸೇ ಇಲ್ಲ, ಮಗು ಅಜ್ಜಿಮನೆಗೆ ಹೋದ್ರೂ ಕಾರ್ಯಕರ್ತೆಗೆ ಗೌರವಧನ ಸರ್ಕಾರದಿಂದ ಬರ್ತದೆ. ನಮ್ಮ ಟೀಚರಿಗೆ ಸಂಬಳ ಕೊಡುದು ಸರ್ಕಾರ ಅಲ್ಲ, ನೀವು. ಅಷ್ಟೇ ವ್ಯತ್ಯಾಸ.

ಈಗ ಇನ್ನೊಂದು ಬದಿಯದ್ದೂ ಹೇಳ್ತೇನೆ, ಇಲ್ದಿದ್ರೆ ಶಾಲೆಯವರ ಪರ ಮಾತ್ರ ಮಾತಾಡಿದ ಹಾಗೆ ಆಗ್ತದೆ. ಎಪ್ರಿಲ್-ಮೇ ರಜೆಯ ಫೀಸ್ ತಗೊಳ್ಳುವ ಕಡೆ ನೀವು ಒಂದೇ ಪ್ರಶ್ನೆ ಕೇಳಿ: "ಟೀಚರಿಗೆ ಮೇ ತಿಂಗಳ ಸಂಬಳ ಕೊಡ್ತೀರಾ?" ನಾನು ಮೊದಲು ಕೆಲಸಕ್ಕೆ ಸೇರಿದ ಒಂದು ಶಾಲೆಯಲ್ಲಿ ಪೇರೆಂಟ್ಸ್ ಹತ್ರ 12 ತಿಂಗಳ ಫೀಸ್ ತಗೊಂಡು ನಮಗೆ 10 ತಿಂಗಳ ಸಂಬಳ ಕೊಡ್ತಿದ್ರು. ಆ ಎರಡು ತಿಂಗಳು ನಾನು ಅಮ್ಮನ ಜೊತೆ ಚಾವಡಿಯಲ್ಲಿ ಕೂತು ಬೀಡಿ ಕಟ್ಟಿದ್ದೇನೆ. ಹಾಗೆ ಮಾಡುವವರಿಗೆ ರಜೆಯ ಫೀಸ್ ಕೇಳುವ ಹಕ್ಕು ಇಲ್ಲ ಅಂತ ನಾನು ಇವತ್ತಿಗೂ ಹೇಳ್ತೇನೆ, ಎದುರೇ ಹೇಳ್ತೇನೆ. ಸಂಬಳ ಕೊಡ್ತಾರೆ ಅಂತಾದ್ರೆ ಅದು ವರ್ಷದ ಫೀಸನ್ನು ಹನ್ನೆರಡು ಪಾಲು ಮಾಡಿದ್ದು, ನಿಮಗೆ ನಷ್ಟ ಎಂತದ್ದೂ ಇಲ್ಲ.

ಮಳೆಯ ರಜೆ ಕೂಡ ಹಾಗೆಯೇ. ಜುಲೈಯಲ್ಲಿ ರೆಡ್ ಅಲರ್ಟ್ ಬಂದು ಡಿಸಿಯವ್ರು ಅಂಗನವಾಡಿಯಿಂದ ಪಿಯುಸಿವರೆಗೆ ರಜೆ ಕೊಟ್ರೆ ಅದಕ್ಕೆ ಫೀಸ್ ಕಡಿಮೆ ಆಗುದಿಲ್ಲ, ನಾವು ಶನಿವಾರ ಮಧ್ಯಾಹ್ನದವರೆಗೆ ಕ್ಲಾಸ್ ಇಟ್ಟು ಸರಿ ಮಾಡ್ತೇವೆ. ಆದ್ರೆ ಶಾಲೆಯವರೇ ತಮ್ಮ ಯಾವುದೋ ಕಾರಣಕ್ಕೆ, ರಿಪೇರಿಯೋ ಟೀಚರ್ ಬಿಟ್ಟು ಹೋದದ್ದೋ, ವಾರಗಟ್ಟಲೆ ಮುಚ್ಚಿದ್ರೆ ಧಾರಾಳವಾಗಿ ವಾಪಸ್ ಕೇಳಿ.

ಎರಡು ತಿಂಗಳಿಗಿಂತ ಜಾಸ್ತಿ ಹೋಗುದಾದ್ರೆ ಒಂದು ತಿಂಗಳು ಮೊದಲೇ ಬಂದು ಮಾತಾಡಿ. ಅರ್ಧ ಫೀಸಿಗೆ ಸೀಟ್ ಇಟ್ಟುಕೊಳ್ಳುವ ವ್ಯವಸ್ಥೆ ತುಂಬಾ ಜನ ಮಾಡ್ತಾರೆ, ನಾನೂ ಮಾಡಿದ್ದೇನೆ. ಕೇಳುದನ್ನು ಕಾಗದದಲ್ಲಿ ಕೇಳಿ, ಸೈನ್ ಹಾಕಿಸ್ಕೊಳ್ಳಿ. ಏರ್‌ಪೋರ್ಟಿಂದ ಬಜ್ಪೆ ರೋಡಲ್ಲಿ ಬರುವಾಗ ಫೋನ್ ಮಾಡಿ "ಟೀಚರೇ ನಾವು ಬಂದೆವು, ಹಿಂದಿನ ಎರಡು ತಿಂಗಳದ್ದು ಬಿಡಿ ಆಯ್ತಾ" ಅಂತ ಹೇಳಿದ್ರೆ ನಾನು ಎಲ್ಲಿಂದ ಕೊಡ್ಲಿ? ಮತ್ತೆ ರಸೀದಿ ಬಿಸಾಡ್ಬೇಡಿ. ಹಳೇ ರೆಜೀಮಲ್ಲಿ ಟ್ಯಾಕ್ಸ್ ಕಟ್ಟುವವರಿಗೆ ಪ್ಲೇ ಸ್ಕೂಲ್, ನರ್ಸರಿಯ ಟ್ಯೂಷನ್ ಫೀಸ್ ಕೂಡ ಇಬ್ಬರು ಮಕ್ಕಳವರೆಗೆ ಟ್ಯಾಕ್ಸ್ ಉಳಿಸ್ಲಿಕ್ಕೆ ಇರುವ ಆ ಒಂದೂವರೆ ಲಕ್ಷದ ಲಿಮಿಟ್ ಒಳಗೆ ಸೇರ್ತದೆ. ಡೊನೇಷನ್, ವ್ಯಾನ್ ಸೇರುದಿಲ್ಲ.

ಫೀಸಿನ ಬಗ್ಗೆ ಇಷ್ಟು ಜನ ಕೇಳ್ತಾರಲ್ಲ, ಎರಡು ತಿಂಗಳು ಬಿಟ್ಟು ಬಂದ ಮಗು ಪುನಃ ಹೇಗೆ ಹೊಂದಿಕೊಳ್ತದೆ ಅಂತ ಮಾತ್ರ ಒಬ್ಬರೂ ಕೇಳುದಿಲ್ಲ. ನಂಗೆ ನಿಜವಾದ ಚಿಂತೆ ಅದೇ. ಜೂನಲ್ಲಿ ಅಳು ನಿಲ್ಲಿಸಿದ ಮೂರು ವರ್ಷದ ಮಗು ಅಕ್ಟೋಬರಲ್ಲಿ ದುಬೈಯಿಂದ ಬಂದ್ರೆ ಮೊದಲಿಂದ ಅಳ್ತದೆ, ಕೆಲವು ಸಲ ಮೊದಲಿಗಿಂತ ಜಾಸ್ತಿ, ಯಾಕಂದ್ರೆ ಅಲ್ಲಿ ದಿನಾ ಸಿಗ್ತಿದ್ದ ಅಪ್ಪ ಇಲ್ಲಿ ಇಲ್ಲ. ಶಾಲೆ ಬೇಡ ಅಂತ ಅಳುದು ಅಂತ ನೀವು ತಿಳ್ಕೊಳ್ತೀರಿ, ಅದು ಅಪ್ಪ ಬೇಕು ಅಂತ ಅಳುದು.

ನಮ್ಮಲ್ಲಿ ಮಕ್ಕಳಿಗೆ ಓದ್ಲಿಕ್ಕೆ ಬರುದಿಲ್ಲ ಅಂತ ಬ್ಯಾಗ್ ನೇತು ಹಾಕುವ ಕೊಕ್ಕೆಯ ಮೇಲೆ ಹೆಸರಿನ ಬದ್ಲು ಚಿತ್ರ ಅಂಟಿಸಿದ್ದೇವೆ, ಏಡಿ, ಬಂಗುಡೆ ಮೀನು, ಹಲಸಿನಹಣ್ಣು, ಹಾಗೆ. ಹೋದ ವರ್ಷ ಒಬ್ಬ ಹುಡುಗ ಹಾಗೇ ತಿರುಗಿ ಬಂದ, ಬಾಗಿಲಲ್ಲೇ ಅಮ್ಮನ ಚೂಡಿದಾರ್ ಹಿಡ್ಕೊಂಡು ನಿಂತ, ಯಾರ ಮುಖವೂ ನೋಡ್ಲಿಲ್ಲ, ಗೋಡೆ ನೋಡಿದ. ಅವನ ಬಂಗುಡೆ ಅಲ್ಲೇ ಇತ್ತು, ಕೊಕ್ಕೆ ಖಾಲಿ ಇತ್ತು. ಅಮ್ಮನ ಕೈ ಬಿಟ್ಟು ಹೋಗಿ ಬ್ಯಾಗ್ ಸಿಕ್ಕಿಸಿದ, ಆಮೇಲೆ ವಾಪಸ್ ಬಂದು ಅಳ್ಲಿಕ್ಕೆ ಶುರು ಮಾಡಿದ. ಸೀಟ್ ಇಟ್ಟುಕೊಳ್ಳುದು ಅಂತ ನಾನು ಹೇಳಿದ್ದು ಅದನ್ನೇ.

ಹಾಗಾಗಿ ಊರಿಗೆ ಬಂದ ಮರುದಿನವೇ ಕಳಿಸ್ಬೇಡಿ, ನಿದ್ದೆಯ ಟೈಮ್ ಸರಿಯಾಗ್ಲಿ. ಮೊದಲ ಎರಡು ದಿನ ಒಂದು ಗಂಟೆ ಸಾಕು, ಗಂಜಿಯ ಹೊತ್ತಿಗೆ ಕರ್ಕೊಂಡು ಬನ್ನಿ, ತಿಂದು ಹೋಗ್ಲಿ. ಹೋಗುವಾಗ ಮಗುವಿಗೆ ಹೇಳಿ ಹೋಗಿ, ಹಿಂದಿನ ಬಾಗಿಲಲ್ಲಿ ಜಾರಿಕೊಳ್ಬೇಡಿ. ಮತ್ತೆ ಹಳೆಯ ನೀರಿನ ಬಾಟಲಿಯನ್ನೇ ಕಳಿಸಿ, ಅಲ್ಲಿಂದ ತಂದ ಹೊಸದು ಸ್ವಲ್ಪ ದಿನ ಮನೆಯಲ್ಲೇ ಇರ್ಲಿ.